ಗಟ್ಟಿಂಗ್ ಗೋಪಿಯಣ್ಣನನ್ನು ಕೇಳಿ: ಹೊಡೆತಕ್ಕೆ ಜೋರು, ಮೊಣಕೈಗೆ ಹಿತ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ಗಟ್ಟಿಂಗ್ (ರಾಕೆಟ್‌ಗೆ ಸ್ಟ್ರಿಂಗ್ ಬಿಗಿಯುವ ಕೆಲಸ) ಮಾಡುವ ಗೋಪಿಯಣ್ಣ ಸಿಕ್ಕಿದ್ದಾರೆ. ಟೆನ್ನಿಸ್ ರಾಕೆಟ್ ಆರಿಸುವುದು, ಅದನ್ನು ನಮ್ಮ ಕೈಗೆ ಹೊಂದಿಸಿಕೊಳ್ಳುವುದು, ಇವತ್ತು ಇದಷ್ಟೇ ವಿಷಯ. ರಾಕೆಟ್ ಯಾವುದು, ಸ್ಟ್ರಿಂಗ್ ಯಾವುದು, ಅದನ್ನು ಎಷ್ಟು ಪೌಂಡ್‌ಗೆ ಬಿಗಿದಿದೆ, ವಾರಕ್ಕೆ ಎಷ್ಟು ದಿನ ಆಡುತ್ತೀರಿ, ಇಷ್ಟು ಬರೆದು ಕೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಹುಬ್ಬಳ್ಳಿ ಹಾರ್ಡ್‌ಕೋರ್ಟ್: ನಮಸ್ಕಾರ್ರೀ ಗೋಪಿ ಸರ. ಪವರ್ ಬರಬೇಕಂದ್ರ ಎಷ್ಟು ಪೌಂಡ್ ಹಾಕಿಸಬೇಕ್ರೀ? ಈಗ 58 ಐತಿ. 62 ಮಾಡಿಸಲೇನ್ರೀ?

ಗಟ್ಟಿಂಗ್ ಗೋಪಿ: ನಮಸ್ಕಾರ ಸರ್. ಲೆಕ್ಕ ಉಲ್ಟಾ ಇದೆ. ಬಿಗಿ ಮಾಡಿದಷ್ಟೂ ಪವರ್ ಕಮ್ಮಿ. ಚೆಂಡು ಬಡಿದಾಗ ಸ್ಟ್ರಿಂಗ್ ಬಗ್ಗಬೇಕು, ಇಲ್ಲ ಚೆಂಡು ಚಪ್ಪಟೆಯಾಗಬೇಕು. ಸ್ಟ್ರಿಂಗ್ ಬಗ್ಗಿದರೆ ತೆಗೆದುಕೊಂಡ ಜೋರನ್ನು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕೊಡುತ್ತದೆ. ಚೆಂಡು ಚಪ್ಪಟೆಯಾದರೆ ಅರ್ಧದಷ್ಟು ಅದರೊಳಗೇ ಪೋಲು. 54ಕ್ಕೆ ಇಳಿಸಿ ನೋಡಿ. ಹಾಗಂತ ಭಾರೀ ವ್ಯತ್ಯಾಸ ಆಗುವುದಿಲ್ಲ. ಅದೇ ಬೀಸಿಗೆ ಚೆಂಡು ಸ್ವಲ್ಪ ಆಳಕ್ಕೆ ಬೀಳುತ್ತದೆ, ಕೈಗೆ ಹಿತ ಅನಿಸುತ್ತದೆ.

ಪುಟ್ಟಿ ಅಮ್ಮ: ಸರ್, ಮಗಳಿಗೆ ಒಂಬತ್ತು ವರ್ಷ. 25 ಇಂಚಿನ ರಾಕೆಟ್ ಚಿಕ್ಕದಾಗುತ್ತಿದೆ. 26 ಕೊಡಿಸಲಾ, ಒಟ್ಟಿಗೇ 27 ಇಂಚಿನ ದೊಡ್ಡವರ ರಾಕೆಟ್ ಕೊಡಿಸಿಬಿಡಲಾ?

ಕುಡ್ಲದ ಕಿರಣ: ಗೋಪಿಯಣ್ಣ, ಮಂಗಳೂರಿನಿಂದ ಬೆಂಗಳೂರಿಗೆ ವರ್ಗವಾಗಿ ಬಂದಿದ್ದೇನೆ. ಅದೇ ರಾಕೆಟ್, ಅದೇ ಸಿಂಥೆಟಿಕ್ ಗಟ್, ಅದೇ 54 ಪೌಂಡ್. ಅಲ್ಲಿ ಲೈನ್ ಒಳಗೆ ಬೀಳುತ್ತಿದ್ದ ಫೋರ್‌ಹ್ಯಾಂಡ್ ಇಲ್ಲಿ ಸೀದಾ ಬೇಲಿಗೆ ಹೋಗುತ್ತದೆ. ನನ್ನ ಆಟ ಹಾಳಾಯಿತಾ?

ಗಟ್ಟಿಂಗ್ ಗೋಪಿ: ಆಟಕ್ಕೆ ಏನೂ ಆಗಿಲ್ಲ ಮಾರಾಯ್ರೇ. ಒಳ್ಳೆ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಮ್ಮಿ. ಹೊರಗಿನ ಒತ್ತಡ ಕಮ್ಮಿ ಇರುವುದರಿಂದ ಪುಟಿಯುವುದೂ ಸ್ವಲ್ಪ ಜಾಸ್ತಿ. ಎತ್ತರದ ಊರಿಗೆಂದೇ ಬೇರೆ ಚೆಂಡು ಇದೆ, ಆದರೆ ನಿಯಮದ ಪ್ರಕಾರ ಅದು 1,219 ಮೀಟರ್ ದಾಟಿದ ಊರಿಗೆ. ನಾವು ಅಲ್ಲಿಗೂ ಸಲ್ಲದವರು, ಇಲ್ಲಿಗೂ ಸಲ್ಲದವರು. ಎರಡು ಪೌಂಡ್ ಏರಿಸಿ, 56 ಸಾಕು. ನಿಮಗೆ ಕೈನೋವು ಇಲ್ಲ ಅಂತ ಹೇಳುತ್ತಿದ್ದೇನೆ. ಇದನ್ನು ಓದಿ ಮಿಕ್ಕವರೆಲ್ಲ ಬಿಗಿ ಮಾಡಿಸಲು ಓಡಬೇಡಿ.

ಮಲ್ಲೇಶ್ವರಂ ಲೆಫ್ಟಿ: ವಯಸ್ಸು 45, ವಾರಕ್ಕೆ ಮೂರು ದಿನ ಡಬಲ್ಸ್. ಹೊಸ ರಾಕೆಟ್ ಬೇಕು. ಪವರೂ ಇರಬೇಕು, ಕೈಯೂ ಉಳಿಯಬೇಕು. ಅಂಗಡಿಯವರು 260 ಗ್ರಾಂನದು ತೋರಿಸಿ ‘ಹಗುರ ಇದ್ದರೆ ಕೈಗೆ ಒಳ್ಳೇದು’ ಅಂದರು.

ಗಟ್ಟಿಂಗ್ ಗೋಪಿ: ಎದುರಿನಿಂದ ಬರುವ ಚೆಂಡಿನ ಪೆಟ್ಟನ್ನು ರಾಕೆಟ್ ತಿನ್ನಬೇಕು, ಇಲ್ಲ ನಿಮ್ಮ ಕೈ ತಿನ್ನಬೇಕು. ತೀರಾ ಹಗುರ ಆದರೆ ಎರಡನೆಯದೇ ಆಗುವುದು. ಗಟ್ಟಿಂಗ್ ಇಲ್ಲದೆ 285ರಿಂದ 300 ಗ್ರಾಂ ನೋಡಿ. ಹೆಡ್, ಅಂದರೆ ಸ್ಟ್ರಿಂಗ್ ಇರುವ ಭಾಗ, 100ರಿಂದ 105 ಚದರ ಇಂಚು. ಆರ್‌ಎ ಅಂತ ಒಂದು ಅಂಕಿ ಇರುತ್ತದೆ, ಫ್ರೇಮ್ ಎಷ್ಟು ಬಿಗಿ ಅನ್ನುವುದು. ಅದು 65ರ ಒಳಗಿರಲಿ. ಬಬೊಲಾ ಪ್ಯೂರ್ ಡ್ರೈವ್ 70ರ ಆಸುಪಾಸಿನದು: ಪವರ್ ಭರ್ಜರಿ, ಮೊಣಕೈಗೆ ಒರಟು. ವಿಲ್ಸನ್ 2019ರಲ್ಲಿ ತಂದ ಕ್ಲ್ಯಾಷ್ 55ರ ಸುತ್ತ: ಮೆತ್ತಗೆ, ಆದರೆ ಚೆಂಡು ಎಲ್ಲಿ ತಗುಲಿತು ಅಂತ ಕೈಗೆ ಸರಿಯಾಗಿ ತಿಳಿಯಲ್ಲ ಅಂತ ಕೆಲವರು ಬಿಟ್ಟಿದ್ದಾರೆ. ಡೆಮೊ ರಾಕೆಟ್ ತಂದು ಎರಡು ದಿನ ಆಡಿ ಆಮೇಲೆ ದುಡ್ಡು ಕೊಡಿ. ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡಿದರೆ ಯಾವ ರಾಕೆಟ್ ಆದರೂ ಚೆನ್ನಾಗೇ ಇರುತ್ತದೆ.

ಡಬಲ್ಸ್ ಶೆಟ್ರು: 105 ಇಂಚು ಅಜ್ಜಂದಿರಿಗೆ. ಫೆಡರರ್ ಆಡಿದ್ದು 90 ಇಂಚಿನ ಹೆಡ್‌ನಲ್ಲಿ.

ಬೇಸ್‌ಲೈನ್ ಭಟ್: ಆ ಫೆಡರರೇ 2014ರಲ್ಲಿ 97ಕ್ಕೆ ಬಂದರು ಶೆಟ್ರೇ. ನೀವು ಅವರಿಗಿಂತ ಮೇಲಲ್ವಾ, 90ರಲ್ಲೇ ಇರಿ.

ಡಬಲ್ಸ್ ಶೆಟ್ರು: ಹೋದ ವಾರ 6–1 ತಿಂದವರು ಯಾರು ಅಂತ ಗ್ರೂಪಿಗೆ ಹೇಳಲಾ ಭಟ್ರೇ?

ಯಲಹಂಕ ಏಸ್: ಸರ್, ಪವರ್‌ಗೆ 60 ಪೌಂಡ್ ಸಾಕಾ?

ಗಟ್ಟಿಂಗ್ ಗೋಪಿ: ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ್ದೇನೆ.

ಶನಿವಾರದ ಸರ್ವ್: ಅಣ್ಣ, ಫೋಟೋ ಹಾಕಿದ್ದೇನೆ ನೋಡಿ. 300 ಗ್ರಾಂ ರಾಕೆಟ್, ಪಾಲಿ (ಪಾಲಿಯೆಸ್ಟರ್) ಸ್ಟ್ರಿಂಗ್, 58 ಪೌಂಡ್. ಹೋದ ದೀಪಾವಳಿಗೆ ಹಾಕಿಸಿದ್ದು, ಇನ್ನೂ ಕಿತ್ತಿಲ್ಲ. ಇನ್ನೊಂದು ಗ್ರೂಪಿನಲ್ಲಿ ಬಂದ ಮೆಸೇಜ್ ನೋಡಿ ತುದಿಗೆ ತೂಕ ಅಂಟಿಸಿದೆ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುತ್ತಾರಲ್ಲ, ಆ 5 ಗ್ರಾಂ ತುಂಡು ಎರಡು. ಸರ್ವ್ ಸಖತ್ತಾಗಿ ಬರುತ್ತಿದೆ. ಒಂದೇ ತೊಂದರೆ ಅಂದರೆ ಮೊಣಕೈ ಹೊರಬದಿ ನೋವು. ಎರಡು ವಾರದಿಂದ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿವೆ. ಇನ್ನೊಂದು ತುಂಡು ಹಿಡಿಕೆ ಕಡೆ ಹಾಕಿದರೆ ಬ್ಯಾಲೆನ್ಸ್ ಆಗುತ್ತಾ?

ಗಟ್ಟಿಂಗ್ ಗೋಪಿ: ಏನೂ ಹಾಕಬೇಡಿ. ಇವತ್ತು ಸಂಜೆ ಆಡಲೂಬೇಡಿ.

ಮೊದಲು ಬೆರಳಿನ ವಿಷಯ. ನಾನು ಗಟ್ಟಿಂಗ್ ಮಾಡುವವನು, ಡಾಕ್ಟರ್ ಅಲ್ಲ. ಆದರೆ ಇಷ್ಟು ಗೊತ್ತು: ಮೊಣಕೈ ಹೊರಬದಿ ನೋವು ಟೆನ್ನಿಸ್ ಎಲ್ಬೋ ಇರಬಹುದು. ಆ ಎರಡು ಬೆರಳಿನ ಜೋಮು ಬೇರೆ. ಅದು ಮೊಣಕೈ ಒಳಬದಿಯಲ್ಲಿ ಹಾದುಹೋಗುವ ನರದ್ದಾಗಿರಬಹುದು, ಕುತ್ತಿಗೆಯಿಂದ ಬಂದದ್ದೂ ಆಗಿರಬಹುದು. ಅದನ್ನು ರಾಕೆಟ್ ಬದಲಿಸಿ ಸರಿಮಾಡಲು ಆಗುವುದಿಲ್ಲ. ಮೂಳೆ ಡಾಕ್ಟರಿಗೆ ತೋರಿಸಿ. ಸಚಿನ್ ತೆಂಡೂಲ್ಕರ್ 2004ರಲ್ಲಿ ಟೆನ್ನಿಸ್ ಎಲ್ಬೋ ಬಂದು ಆಟ ಬಿಟ್ಟು ಕೂತರು, ಮರುವರ್ಷ ಆಪರೇಷನ್ ಆಯಿತು. ಅಷ್ಟೆಲ್ಲ ನೋಡಿಕೊಳ್ಳುವವರಿದ್ದವರ ಕಥೆಯೇ ಹಾಗೆ.

ಈಗ ರಾಕೆಟ್. ಬೀಸುವಾಗ ಕೈಗೆ ತಿಳಿಯುವ ಭಾರಕ್ಕೆ ಸ್ವಿಂಗ್‌ವೇಟ್ ಅನ್ನುತ್ತಾರೆ. ತಕ್ಕಡಿಯಲ್ಲಿ ಅದು ಕಾಣುವುದಿಲ್ಲ. ಹಿಡಿಕೆಯಿಂದ ದೂರ ಹೋದಷ್ಟೂ ತೂಕದ ಪರಿಣಾಮ ದೂರದ ವರ್ಗದಂತೆ ಏರುತ್ತದೆ. ಅದಕ್ಕೇ ತುದಿಯಲ್ಲಿ ಒಂದು ಗ್ರಾಂ ಹಾಕಿದರೆ ಸ್ವಿಂಗ್‌ವೇಟ್ ಸುಮಾರು 3.4 ಅಂಕ ಏರುತ್ತದೆ. ನೀವು ಹಾಕಿರುವುದು 10 ಗ್ರಾಂ, ಅಂದರೆ 34. ನಿಮ್ಮ ಥರದ ರಾಕೆಟ್‌ನ ಸ್ವಿಂಗ್‌ವೇಟ್ ಗಟ್ಟಿಂಗ್ ಆದ ಮೇಲೆ 320ರ ಸುತ್ತ ಇರುತ್ತದೆ. ಈಗ 350 ದಾಟಿದೆ. ಬ್ಯಾಲೆನ್ಸ್ ಕೂಡ ಒಂದು ಸೆಂಟಿಮೀಟರ್‌ನಷ್ಟು ತುದಿಯ ಕಡೆಗೆ ಜಾರಿದೆ. ಅದು ದಿನಾ ಆಡಿ ಮೈ ಪಳಗಿಸಿದ ಪ್ರೊ ಆಟಗಾರರ ಭಾರ. ಸರ್ವ್‌ನಲ್ಲಿ ನಿಮಗೆ ಟೈಮ್ ಇರುತ್ತದೆ, ಹಾಗಾಗಿ ಸಖತ್ತಾಗಿ ಬರುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಟೈಮ್ ಇಲ್ಲ. ರಾಕೆಟ್ ತಡವಾಗಿ ಬರುತ್ತದೆ, ಮಣಿಕಟ್ಟು ಮಡಚುತ್ತದೆ, ಎಳೆತವೆಲ್ಲ ಮೊಣಕೈ ಹೊರಬದಿಯ ಸ್ನಾಯುಗೆ. ಒಂದು ಕೈ ಬ್ಯಾಕ್‌ಹ್ಯಾಂಡ್ ಅಲ್ವಾ ನಿಮ್ಮದು?

ಇನ್ನು ಆ ಪಾಲಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಉದ್ದ ಸ್ಟ್ರಿಂಗ್ ಮತ್ತು ಅಡ್ಡ ಸ್ಟ್ರಿಂಗ್ ಕೂಡುವ ಕಡೆಯೆಲ್ಲ ಗರಗಸದ ಹಲ್ಲಿನಂತೆ ಗುಳಿ ಬಿದ್ದಿದೆ. ನಡುವಿನ ನಾಲ್ಕೈದು ಒಂದು ಕಡೆಗೆ ಸರಿದು ಅಲ್ಲೇ ಕಚ್ಚಿ ನಿಂತಿವೆ. ಒಳ್ಳೆ ಪಾಲಿ ಹೊಡೆದಾಗ ಸರಿದು ತಕ್ಷಣ ವಾಪಸ್ ಬರಬೇಕು, ಸ್ಪಿನ್ ಬರುವುದೇ ಅದರಿಂದ. ಇದು ಬರುತ್ತಿಲ್ಲ. ಪಾಲಿ ಕಿತ್ತುಹೋಗುವುದಕ್ಕೆ ಎಷ್ಟೋ ಮುಂಚೆ ಸತ್ತುಹೋಗುತ್ತದೆ. ಬ್ರೆಜಿಲ್‌ನ ಆಟಗಾರ ಕುಯೆರ್ಟನ್ 1997ರಲ್ಲಿ ಪಾಲಿಯಲ್ಲಿ ಫ್ರೆಂಚ್ ಓಪನ್ ಗೆದ್ದ ಮೇಲೆ ಅದು ಎಲ್ಲರಿಗೂ ಬೇಕಾಯಿತು. ಆದರೆ ಪ್ರೊಗಳು ಪಂದ್ಯಕ್ಕೊಂದು ಹೊಸ ಗಟ್ಟಿಂಗ್ ಹಾಕಿಸುವವರು. ದೀಪಾವಳಿಗೆ ಹಾಕಿಸಿ ಯುಗಾದಿ ದಾಟಿಸುವವರಿಗೆ ಮಾಡಿದ ಸ್ಟ್ರಿಂಗ್ ಅಲ್ಲ ಅದು.

ಡಾಕ್ಟರ್ ಆಡಬಹುದು ಅಂದ ಮೇಲೆ ಹೀಗೆ ಮಾಡಿ. ತುಂಡು ಎರಡನ್ನೂ ಕಿತ್ತುಹಾಕಿ. ಅದು ಸೀಸ ಇರಬಹುದು, ಬರಿಗೈಲಿ ಮುಟ್ಟಿದ್ದರೆ ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಪಾಲಿ ಕತ್ತರಿಸಿ ಮಲ್ಟಿಫಿಲಮೆಂಟ್ (ಸಣ್ಣ ಸಣ್ಣ ಎಳೆ ಸೇರಿಸಿ ಮಾಡಿದ ಮೆತ್ತನೆಯ ಸ್ಟ್ರಿಂಗ್, ‘ಮಲ್ಟಿ’) ಹಾಕಿಸಿ, 1.30 ಮಿಲಿಮೀಟರ್, 52 ಪೌಂಡ್. ಅಷ್ಟರಲ್ಲೇ ಒಂದು ತಿಂಗಳು ಆಡಿ. ಬೇರೆ ಏನೂ ಮುಟ್ಟಬೇಡಿ, ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಆಮೇಲೂ ವಾಲಿಯಲ್ಲಿ (ಚೆಂಡು ನೆಲಕ್ಕೆ ಬೀಳುವ ಮುಂಚೆ ಹೊಡೆಯುವಾಗ) ರಾಕೆಟ್ ಕೈಯಲ್ಲಿ ತಿರುಗುತ್ತದೆ ಅನಿಸಿದರೆ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಒಂದೊಂದು ಗ್ರಾಂ ಟಂಗ್‌ಸ್ಟನ್ ಟೇಪ್. ತುದಿಗೆ ಬೇಡ.

ಬಸವನಗುಡಿ ಬ್ಯಾಕ್‌ಹ್ಯಾಂಡ್: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: *‘ಪವರ್ ಬೇಕೇ? ರಾಕೆಟ್ ಹಿಡಿಕೆಯೊಳಗೆ ಎಂ-ಸೀಲ್ ತುಂಬಿ. ಸ್ಟ್ರಿಂಗ್‌ಗೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಸವರಿ. ಮೊಣಕೈ ನೋವಿಗೆ ತಾಮ್ರದ ಬಳೆ. ಹತ್ತು ಜನರಿಗೆ ಕಳಿಸಿ.’* 🙏

ಗಟ್ಟಿಂಗ್ ಗೋಪಿ: ಎಂ-ಸೀಲ್ ಗಟ್ಟಿಯಾದ ಮೇಲೆ ಅಪ್ಪನಾಣೆ ಹೊರಗೆ ಬರಲ್ಲ. ತೂಕ ಎಷ್ಟಾಯಿತು ಅಂತ ತೂಗಿ ಹಾಕಿದವರು ಯಾರಾದರೂ ಇದ್ದಾರಾ? ಹಿಡಿಕೆಗೆ ತೂಕ ಬೇಕಿದ್ದರೆ ಗ್ರಿಪ್ ಬಿಚ್ಚಿ ಅದರ ಕೆಳಗೆ ಟೇಪ್ ಸುತ್ತಬಹುದು, ಬೇಡವಾದರೆ ಬಿಚ್ಚಬಹುದು. ಎಣ್ಣೆ ಒಗ್ಗರಣೆಗೆ ಇಟ್ಟುಕೊಳ್ಳಿ. ತಾಮ್ರದ ಬಳೆ ಹಾಕುವುದಾದರೆ ಹಾಕಿ, ನೋವಿಗೂ ಅದಕ್ಕೂ ಸಂಬಂಧ ಇಲ್ಲ. ಮೇಲೆ ಒಬ್ಬರು ಇಂಥದ್ದೇ ಫಾರ್ವರ್ಡ್ ನಂಬಿ ಬೆರಳು ಜೋಮು ಹಿಡಿಸಿಕೊಂಡು ಕೂತಿದ್ದಾರೆ. ಓದಿದಿರಾ?

ಬಸವನಗುಡಿ ಬ್ಯಾಕ್‌ಹ್ಯಾಂಡ್: ಸುಮ್ನೆ ಶೇರ್ ಮಾಡಿದೆ ಸರ್, ಅದಕ್ಕೆ ಇಷ್ಟು ಯಾಕೆ?

ಕೋರಮಂಗಲ ಡ್ರಾಪ್‌ಶಾಟ್: ಸ್ಟ್ರಿಂಗ್ ನಡುವೆ ಸಿಕ್ಕಿಸುವ ರಬ್ಬರ್ ಡ್ಯಾಂಪನರ್ ಹಾಕಿದರೆ ಕೈನೋವು ಹೋಗುತ್ತಾ?

ಗಟ್ಟಿಂಗ್ ಗೋಪಿ: ಇಲ್ಲ. ಟಣ್ ಅನ್ನುವ ಸದ್ದು ಹೋಗುತ್ತದೆ.

ಮಲ್ಲೇಶ್ವರಂ ಲೆಫ್ಟಿ: ನನ್ನ ಹೊಸ ರಾಕೆಟ್‌ಗೆ ಎಲ್ಲಕ್ಕಿಂತ ಮೆತ್ತನೆಯ ಸ್ಟ್ರಿಂಗ್ ಯಾವುದು?

ಗಟ್ಟಿಂಗ್ ಗೋಪಿ: ನ್ಯಾಚುರಲ್ ಗಟ್. ಪವರೂ ಅದರಲ್ಲೇ ಜಾಸ್ತಿ, ಟೆನ್ಷನ್ನೂ ತುಂಬ ದಿನ ನಿಲ್ಲುತ್ತದೆ. ದುಬಾರಿ, ಮಳೆಗೆ ನೆನೆದರೆ ಹಾಳು. ಮಲ್ಟಿ ಸಾಕು ನಿಮಗೆ.

ಬೇಸ್‌ಲೈನ್ ಭಟ್: ನ್ಯಾಚುರಲ್ ಅಂದರೆ ಏನು? ಹತ್ತಿನಾ?

ಡಬಲ್ಸ್ ಶೆಟ್ರು: ಹಸುವಿನ ಕರುಳು ಭಟ್ರೇ 😂

ಬೇಸ್‌ಲೈನ್ ಭಟ್: ಏನು?! ನನ್ನ ಹಳೆ ರಾಕೆಟ್‌ನಲ್ಲಿ ಅದೇ ಇತ್ತಲ್ರೀ. ಪೂಜೆ ಕೋಣೆ ಪಕ್ಕ ನೇತು ಹಾಕಿದ್ದೆ. ಅಂಗಡಿಯವರು ಹೇಳಬೇಕೋ ಬೇಡವೋ?

ಡಬಲ್ಸ್ ಶೆಟ್ರು: ನಿಮ್ಮ ಮಗ ಮೃದಂಗ ಕಲಿಯುತ್ತಾನಲ್ಲ, ಅದರ ಮುಚ್ಚಿಗೆ ಯಾವುದರದ್ದು ಅಂದುಕೊಂಡಿದ್ದೀರಿ? ಪ್ಲಾಸ್ಟಿಕ್ಕಾ?

ಬೇಸ್‌ಲೈನ್ ಭಟ್: ಅದು ವಿದ್ಯೆ. ಇದು ಆಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಡಬಲ್ಸ್ ಶೆಟ್ರು: ಹಸುವಿಗೆ ಎರಡೂ ಒಂದೇ ಭಟ್ರೇ.

ಕೋರಮಂಗಲ ಡ್ರಾಪ್‌ಶಾಟ್: ಚರ್ಮದ ಬೆಲ್ಟ್ ಹಾಕುವವರೆಲ್ಲ ಸುಮ್ಮನಿರಿ ಪ್ಲೀಸ್.

ಬೇಸ್‌ಲೈನ್ ಭಟ್: ನಿಮ್ಮನ್ನು ಯಾರು ಕರೆದರು ಇಲ್ಲಿಗೆ?

ಅಡ್ಮಿನ್: ಸ್ವಾಮಿ, ಸಾಕು. ರಾಕೆಟ್ ಬಗ್ಗೆ ಮಾತಾಡಿ. ಇನ್ನೊಂದು ಸಲ ಹಸು ಬಂದರೆ ಗ್ರೂಪ್ ಲಾಕ್ ಮಾಡುತ್ತೇನೆ.

ಗಟ್ಟಿಂಗ್ ಗೋಪಿ: ಭಟ್ರೇ, ಪಾಲಿ, ಮಲ್ಟಿ, ಸಿಂಥೆಟಿಕ್ ಗಟ್ ಎಲ್ಲ ಕಾರ್ಖಾನೆಯವು. ಹೆಸರಲ್ಲಿ ಗಟ್ ಇದ್ದರೂ ಸಿಂಥೆಟಿಕ್ ಗಟ್ ಅಂದರೆ ನೈಲಾನ್. ನಿಶ್ಚಿಂತೆಯಿಂದ ಆಡಿ.

ಪುಟ್ಟಿ ಅಮ್ಮ: ಸರ್, ಮಗಳ ರಾಕೆಟ್ ಬಗ್ಗೆ ಕೇಳಿದ್ದೆ. 26 ಅಥವಾ 27?

ಯಲಹಂಕ ಏಸ್: ಮೇಲೆ ಹುಡುಕಿದೆ, ಸಿಗಲಿಲ್ಲ. 60 ಓಕೆನಾ?

ಗಟ್ಟಿಂಗ್ ಗೋಪಿ: 54. ಇನ್ನು ಪೌಂಡ್ ಕೇಳುವವರು ನನ್ನನ್ನು ಕೇಳಬೇಡಿ.

ಡಬಲ್ಸ್ ಶೆಟ್ರು: ನಾನು 62ರಲ್ಲಿ ಆಡುತ್ತೇನೆ, ನನಗೆ ಏನೂ ಆಗಿಲ್ಲ.

ಗಟ್ಟಿಂಗ್ ಗೋಪಿ: ನೀವು ನೆಟ್ ಹತ್ತಿರ ನಿಂತು ಪಾರ್ಟ್ನರ್‌ಗೆ ‘ಯುವರ್ಸ್’ ಅಂತೀರಿ ಶೆಟ್ರೇ. ಚೆಂಡು ಸ್ಟ್ರಿಂಗ್‌ಗೆ ತಗುಲಿದರೆ ತಾನೇ ಏನಾದರೂ ಆಗುವುದು?

ಶನಿವಾರದ ಸರ್ವ್: ಅಣ್ಣ, ಹೌದು, ಒಂದು ಕೈ ಬ್ಯಾಕ್‌ಹ್ಯಾಂಡ್. ತುಂಡು ಕಿತ್ತೆ. ಅಂಟು ಹಾಗೇ ಕೂತಿದೆ. ಥಿನ್ನರ್ ಹಾಕಿ ಉಜ್ಜಲಾ?

ಗಟ್ಟಿಂಗ್ ಗೋಪಿ: ಥಿನ್ನರ್ ಬೇಡ, ಪೇಂಟ್ ಎದ್ದುಬರುತ್ತದೆ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ನೀಲಗಿರಿ ತೈಲ ಹಾಕಿದ ಬಟ್ಟೆಯಲ್ಲಿ ಒರೆಸಿ, ಹೋಗುತ್ತದೆ. ಡಾಕ್ಟರ್ ಹತ್ತಿರ ಯಾವತ್ತು ಹೋಗುತ್ತೀರಿ?

ಶನಿವಾರದ ಸರ್ವ್: ಸರಿ ಅಣ್ಣ, ಥ್ಯಾಂಕ್ಸ್. 52ಕ್ಕೆ ಹಾಕಿಸಿದರೆ ಸರ್ವ್ ಇಷ್ಟೇ ಜೋರು ಇರುತ್ತೆ ಅಲ್ವಾ?

ಗಟ್ಟಿಂಗ್ ಗೋಪಿ: ನಾನು ಡಾಕ್ಟರ್ ಬಗ್ಗೆ ಕೇಳಿದೆ.