ಕುದುರೆ ಬಲಕ್ಕೆ ತಿರುಗುವಾಗ ವಾಲುತ್ತೆ, ತಲೆ ಕಟ್ಟಿ ಓಡಿಸಬೇಕಾ?

ಮೂಡಿಗೆರೆ_ತೋಟ:
ಎಲ್ರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ನಾಲ್ಕು ವರ್ಷದ ಕಾಠಿಯಾವಾಡಿ (ಗುಜರಾತಿನ ತಳಿ) ಹೆಣ್ಣು ಕುದುರೆ ಇದೆ, ಗುಣದಲ್ಲಿ ಬಂಗಾರ, ಎಡಕ್ಕೆ ಸುತ್ತು ಚೆನ್ನಾಗಿ ಹೊಡಿಯುತ್ತೆ ಆದ್ರೆ ಬಲಕ್ಕೆ ತಿರುಗಿಸಿದ್ರೆ ಭುಜ ಒಳಗೆ ಹಾಕಿ ವಾಲ್ಕೊಂಡು ಲಗಾಮಿನ ಮೇಲೇ ಭಾರ ಬಿಟ್ಟುಬಿಡುತ್ತೆ. ಪಳಗಿಸೋಕೆ ಬರೋರು ಗದ್ದ ಎದೆಗೆ ಬರೋ ಹಂಗೆ ಹಗ್ಗ ಕಟ್ಟಿ ಸಣ್ಣ ಸುತ್ತಲ್ಲಿ ದಿನಾ ಓಡಿಸಿ, ಸರಿ ಹೋಗುತ್ತೆ ಅಂತಾರೆ. ನಂಗೆ ಮನಸ್ಸೇ ಒಪ್ತಿಲ್ಲ. ಇದು ಮುದಿಯಾಗೋವರೆಗೂ ನಮ್ಮಲ್ಲೇ ಆರೋಗ್ಯವಾಗಿರ್ಬೇಕು. ಬೇರೆ ದಾರಿ ಇದ್ಯಾ?

ಸಕಲೇಶಪುರ_ಸವಾರ:
ದಯವಿಟ್ಟು ಕಟ್ಟಬೇಡಿ ಅಣ್ಣ. ಕುದುರೆ ಸುಮ್ನೆ ನಿಂತಾಗಲೇ ಮೈತೂಕದಲ್ಲಿ ಸುಮಾರು ಶೇ 60 ಮುಂಗಾಲ ಮೇಲಿರುತ್ತೆ, ನಾವು ಹತ್ತಿ ಕೂತ್ರೆ ಇನ್ನೂ ಮುಂದಕ್ಕೆ ಬೀಳುತ್ತೆ. ತಲೆ ಕಟ್ಟಿದ್ರೆ ಕತ್ತು ಬಗ್ಗಿ ನೋಡೋರಿಗೆ ಚಂದ ಅಷ್ಟೇ, ಹಿಂಗಾಲು ಹೊಟ್ಟೆ ಕೆಳಗೆ ಬರಲ್ಲ, ಬೆನ್ನು ಬಿಗಿಯುತ್ತೆ. ಅದ್ರಲ್ಲೂ ನಾಲ್ಕು ವರ್ಷ ಅಂದ್ರೆ ಎಳೆಸು, ಬೆನ್ನುಮೂಳೆ ಪೂರ್ತಿ ಬಲಿಯೋಕೆ ಐದೂವರೆ ಆರು ವರ್ಷ ಬೇಕು, ಸಣ್ಣ ಸುತ್ತಲ್ಲಿ ಓಡಿಸಿದ್ರೆ ಕಾಲಿನ ಕೀಲಿಗೆ ಪೆಟ್ಟು.

ನಮ್ಮ ಮಲೆನಾಡಲ್ಲಿ ಏರು ಇಳಿಜಾರಿಗೆ ಬರವಾ? ತೋಟದ ರಸ್ತೇಲಿ ಸವಾರಿ ಇಲ್ದೆ ಕೈಯಲ್ಲಿ ಹಿಡ್ಕೊಂಡು ನಡೆಸಿ, ಬರೀ ನಡಿಗೆ. ಏರುವಾಗ ಹಿಂಗಾಲು ತಳ್ಳಲೇಬೇಕು, ಇಳಿಯುವಾಗ ಹಿಂಗಾಲೂ ಭಾರ ತಡೀಬೇಕು. ಮಧ್ಯೆ ನಿಲ್ಸಿ ಎರಡು ಹೆಜ್ಜೆ ಹಿಂದಕ್ಕೆ, ಮತ್ತೆ ಮುಂದೆ. ಮಳೆ ಬಿದ್ದ ಕೆಮ್ಮಣ್ಣಲ್ಲಿ ಗೊರಸಿನ ಗುರುತು ನೋಡಿ, ಹಿಂಗಾಲಿಂದು ಮುಂಗಾಲಿನ ಗುರುತಿನ ಮೇಲೆ ಅಥವಾ ದಾಟಿ ಬಿದ್ರೆ ಬೆನ್ನು ಸಡಿಲ ಇದೆ ಅಂತ, ಹಿಂದೇ ಉಳಿದ್ರೆ ಎಲ್ಲೋ ಬಿಗಿನೋ ನೋವೋ ಇರಬಹುದು. ಬಲಕ್ಕೆ 20 ಮೀಟರ್ ಅಡ್ಡಗಲದ ದೊಡ್ಡ ಸುತ್ತು ನಡಿಗೇಲೇ ಒಂದೆರಡು ಸಲ ಸಾಕು, ಸರಿಯಾಗಿ ಬಾಗಿದ ತಕ್ಷಣ ಲಗಾಮು ಸಡಿಲ ಬಿಟ್ಟು ಕತ್ತು ಸವರಿ ಮುಗಿಸಿ. ಮಾಂಸಖಂಡ ಬೇಗ ಗಟ್ಟಿಯಾಗುತ್ತೆ, ಅದನ್ನ ಮೂಳೆಗೆ ಕಟ್ಟೋ ನಾರಿಗೆ (ಟೆಂಡನ್) ತಿಂಗಳುಗಟ್ಟಲೆ ಬೇಕು, ಅದಕ್ಕೇ ಆತುರ ಬೇಡ ಅನ್ನೋದು.

ಹಾಸನ_ಲಾಯ:
ಮೇಲೆ ಹೇಳಿದ್ದೆಲ್ಲಾ ಸರಿ, ಆದ್ರೆ ಮೊದ್ಲು ನೋವಿದ್ಯಾ ಅಂತ ನೋಡ್ಸಿ ಸಾರ್. ಹಲ್ಲು ಚೂಪಾಗಿ ಕೆನ್ನೆಗೆ ಚುಚ್ತಿದ್ರೂ ಒಂದೇ ಕಡೆ ಕಡಿವಾಣ ತಳ್ಳುತ್ತೆ. ಸವಾರಿ ಮುಗ್ಸಿ ಜೀನು ತೆಗೆದ ತಕ್ಷಣ ಬೆನ್ನು ನೋಡಿ, ಸುತ್ತ ಬೆವರಿದ್ದು ನಡುವೆ ಅಂಗೈ ಅಗಲ ಒಣಗಿದ್ರೆ ಅಲ್ಲಿ ಜೀನು ಒತ್ತುತ್ತಿರಬಹುದು. ಗೊರಸು 6-8 ವಾರಕ್ಕೊಮ್ಮೆ ಟ್ರಿಮ್ ಆಗ್ಲೇಬೇಕು, ಎಡ ಬಲ ಸಮ ಇಲ್ದಿದ್ರೆ ಎಷ್ಟು ಪಳಗಿಸಿದ್ರೂ ವಾಲಬಹುದು. ಊರಲ್ಲಿ ಕುದುರೆ ಗೊತ್ತಿರೋ ಡಾಕ್ಟ್ರು ಸಿಗ್ಲಿಲ್ಲ ಅಂದ್ರೆ ಹಾಸನದ ಪಶುವೈದ್ಯಕೀಯ ಕಾಲೇಜಲ್ಲಿ ವಿಚಾರಿಸಿ.

ಮೂಡಿಗೆರೆ_ತೋಟ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಹಗ್ಗ ಬೇಡ ಅಂತ ಹೇಳ್ಬಿಡ್ತೀನಿ. ಇನ್ನೊಂದು, ಕುದುರೆ 350 ಕೆಜಿ ಇರಬಹುದು, ನಾನು 78. ಕೂರಬಹುದಾ?

ಸಕಲೇಶಪುರ_ಸವಾರ:
ಜೀನೂ ಸೇರಿ ಕುದುರೆ ತೂಕದ ಶೇ 20 ದಾಟಬಾರದು ಅಂತಾರೆ, ಅಂದ್ರೆ 70 ಕೆಜಿ, ಎಳೆ ಕುದುರೆಗೆ ಅದಕ್ಕಿಂತ ಕಮ್ಮಿನೇ ಒಳ್ಳೇದು. ಸದ್ಯಕ್ಕೆ ಮನೇಲಿ ಹಗುರ ಇರೋರು ಯಾರಾದ್ರೂ ಕೂರ್ಲಿ, ನೀವು ಪಕ್ಕದಲ್ಲಿ ಹಿಡ್ಕೊಂಡು ನಡೀರಿ ಅಣ್ಣ.