ಸಹಾಯ ಬೇಕು: ಲೀಕ್, ಲೀಚ್ ಎರಡರ ನಡುವೆ ಸಿಕ್ಕಿಬಿದ್ದಿದ್ದೇನೆ

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಗಂಗಾವತಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಬೆಳೆಯುವ ಭತ್ತದ ಗದ್ದೆ. ಒಂದು ಮೂಲೆಯಲ್ಲಿ ಸವಳು ಬಂದು ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತದೆ. ಅಪ್ಪ ಮಣ್ಣು ಪರೀಕ್ಷೆ ಮಾಡಿಸಿದರು, ವರದಿ ಬಂದಿದ್ದು ಇಂಗ್ಲಿಷಿನಲ್ಲಿ, ಓದಿ ಹೇಳಬೇಕಾದವಳು ನಾನು. ಅದರಲ್ಲಿ ಲೀಚಿಂಗ್ ಮಾಡಿ ಅಂತ ಇದೆ. ನಾನು ಲೀಕ್ ಅಂದುಕೊಂಡು ಬದು ಒಡೆದು ನೀರು ಬಿಡಬೇಕಂತೆ ಅಂದುಬಿಟ್ಟೆ. ಅಪ್ಪ ನಂಬಲಿಲ್ಲ, ಸದ್ಯ ಒಳ್ಳೆಯದಾಯಿತು.

ಆಮೇಲೆ ನಿಘಂಟು ನೋಡಿದೆ. ಲೀಕ್ ಅಂದರೆ ತೂತು, ಬಿರುಕಿನಿಂದ ನೀರೇ ಸೋರುವುದು. ಲೀಚ್ ಅಂದರೆ ಕೆಳಗೆ ಇಳಿಯುವ ನೀರು ಮಣ್ಣಿನ ಉಪ್ಪನ್ನು ಕರಗಿಸಿ ಜೊತೆಗೆ ಒಯ್ಯುವುದು. ಇಲ್ಲಿವರೆಗೆ ಸರಿ. ಆದರೆ ವರದಿಯ ಅದೇ ಪುಟದಲ್ಲಿ ಯೂರಿಯಾ ಒಂದೇ ಸಲ ಜಾಸ್ತಿ ಹಾಕಿದರೆ ಸಾರಜನಕ ಲೀಚ್ ಆಗಿ ನಷ್ಟ ಅಂತಲೂ ಇದೆ. ಉಪ್ಪಿಗೆ ಬೇಕು, ಗೊಬ್ಬರಕ್ಕೆ ಬೇಡ, ಪದ ಮಾತ್ರ ಒಂದೇನಾ?

ಗೊತ್ತಿರುವವರು ದಯವಿಟ್ಟು ಹೇಳಿ: ಇಂಗ್ಲಿಷ್ ವಾಕ್ಯದಲ್ಲಿ ಲೀಚ್ ಆಗುವುದು ಮಣ್ಣಾ, ಉಪ್ಪಾ? ಕಾಲುವೆ ದಂಡೆಯಿಂದ ಗದ್ದೆಗೆ ನೀರು ಜಿನುಗಿದರೆ ಈ ಎರಡರಲ್ಲಿ ಯಾವ ಪದ ಹೇಳಬೇಕು, ಅಥವಾ ಬೇರೆ ಪದ ಇದೆಯಾ?