ಅಂಗಳದ ಪಾಚಿಗೆ ಪ್ರೆಶರ್ ವಾಷರ್: ಎಷ್ಟು ಬಾರ್ ಬೇಕು?

ಪುತ್ತೂರು_ಮನೆ:
ಮಳೆ ಬಿಟ್ಟಿತು, ಅಂಗಳದ ಇಂಟರ್‌ಲಾಕ್ ಕಲ್ಲಿನ ತುಂಬಾ ಪಾಚಿ. ಅಮ್ಮ ತುಳಸಿಕಟ್ಟೆಗೆ ಹೋಗುವಾಗ ಎಲ್ಲಿ ಜಾರುತ್ತಾರೋ ಅಂತ ಭಯ. ಅಂಗಡಿಯವರು 200 ಬಾರ್‌ನದ್ದೇ ತಗೊಳ್ಳಿ ಎನ್ನುತ್ತಾರೆ, ಬಾರ್ ಅಂದರೆ ನೀರಿನ ಒತ್ತಡದ ಅಳತೆಯಂತೆ. ಬೋರ್ ನೀರು, ಟ್ಯಾಂಕ್ ಒಂದೇ ಮಹಡಿ ಎತ್ತರ. ಹಂಚಿನ ಮಾಡನ್ನೂ ಅದರಲ್ಲೇ ತೊಳೆಯಬಹುದಾ?

ನಟ್ಟು_ಬೋಲ್ಟು:
200 ಬೇಡ ಮಾರಾಯ್ರೆ. ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುವುದು ಗರಿಷ್ಠ ಒತ್ತಡ, ಕೆಲಸ ಮಾಡುವಾಗ ಸಿಗುವುದು ಅದಕ್ಕಿಂತ ಕಡಿಮೆ. ಆದರೂ ಅಂಗಳ, ಕಾರಿಗೆ 110ರಿಂದ 130 ಧಾರಾಳ. ನಿಮಿಷಕ್ಕೆ ಎಷ್ಟು ಲೀಟರ್ ಅಂತ ಕೇಳಿ, 6-7 ಇರಲಿ, ಎದ್ದ ಪಾಚಿ ಕೊಚ್ಚಿಹೋಗಲು ನೀರೂ ಬೇಕಲ್ವಾ. ಆಗಾಗ ಸ್ವಲ್ಪ ಹೊತ್ತು ಬಳಸುವುದಾದರೆ ಕಾರ್ಬನ್ ಬ್ರಷ್ ಮೋಟಾರ್ ನಡೆಯುತ್ತದೆ, ಸದ್ದು ಜಾಸ್ತಿ ಅಷ್ಟೇ. ಇಂಡಕ್ಷನ್ ಮೋಟಾರ್ ಭಾರ, ಬೆಲೆಯೂ ಜಾಸ್ತಿ, ಬಾಳಿಕೆ ಬರುತ್ತದೆ.

ಟ್ಯಾಂಕ್ ಹೆಚ್ಚು ಎತ್ತರದಲ್ಲಿಲ್ಲ, ನಲ್ಲಿಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಬಕೆಟ್‌ನಿಂದಲೂ ನೀರು ಎಳೆಯುವ ಮಾಡೆಲ್ ನೋಡಿ. ಬೋರ್ ನೀರಿನಲ್ಲಿ ಮರಳು ಬಂದರೆ ಪಂಪಿನ ಸೀಲ್ ಹೋಯ್ತು ಅಂತಲೇ ಲೆಕ್ಕ, ಫಿಲ್ಟರ್ ಇಲ್ಲದೆ ಓಡಿಸಬೇಡಿ. ಮೊದಲು ನೀರು ಬಿಟ್ಟು, ಧಾರೆ ಬಿಡುವ ಗನ್ ಒತ್ತಿ, ಗಾಳಿಯೆಲ್ಲ ಹೋದ ಮೇಲೆಯೇ ಸ್ವಿಚ್ ಹಾಕಿ.

ವೈರಿಂಗ್_ಅಕ್ಕ:
16 ಆಂಪ್ಸ್ ಪ್ಲಗ್ಗಿಗೇ ಹಾಕಿ. ಲೈನಿನಲ್ಲಿ 30 ಮಿಲಿ ಆಂಪ್ಸ್ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ವಾಷರ್‌ಗಿಂತ ಮೊದಲು ಅದನ್ನು ಹಾಕಿಸಿ. ಟಿವಿಗೆ ಇಟ್ಟ ಎಕ್ಸ್‌ಟೆನ್ಶನ್ ಬಾಕ್ಸನ್ನು ಒದ್ದೆ ಅಂಗಳಕ್ಕೆ ಎಳೆದು ತರುವವರನ್ನು ಎಷ್ಟೋ ಕಡೆ ನೋಡಿದ್ದೇನೆ, ದಯವಿಟ್ಟು ಬೇಡ.

ಮಕ್ಕಳ ಕೈಗೆ ಗನ್ ಕೊಡಬೇಡಿ. ಧಾರೆ ಕೈಗೋ ಕಾಲಿಗೋ ತಾಗಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೆ ನೀರೂ ಕೊಳೆಯೂ ಚರ್ಮದೊಳಗೆ ನುಗ್ಗಿರುತ್ತದೆ. ಅರಿಶಿನ ಹಚ್ಚಿ ಕೂರುವ ಗಾಯ ಅಲ್ಲ ಅದು, ತಕ್ಷಣ ಆಸ್ಪತ್ರೆಗೆ ಹೋಗಿ ಹೇಗೆ ಆಯಿತು ಅಂತ ಬಿಡಿಸಿ ಹೇಳಿ. ಹವಾಯಿ ಚಪ್ಪಲಿ ಬೇಡ, ಗಮ್‌ಬೂಟ್ ಹಾಕಿ, ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ ನಲ್ಲಿ ಬಂದ್ ಮಾಡಿ, ಇನ್ನೊಮ್ಮೆ ಗನ್ ಒತ್ತಿ. ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ.

ಕರಾವಳಿ_ಕೂಲಿ:
ಹಂಚಿನ ಆಸೆ ಬಿಡಿ. ನೀರು ಹಂಚಿನ ಸಂದಿಯಲ್ಲಿ ನುಗ್ಗಿ ಪಕಾಸು, ರೀಪು ಅಂತ ಕೆಳಗಿನ ಮರವೆಲ್ಲ ನೆನೆಯುತ್ತದೆ, ಹಳೇ ಹಂಚಾದರೆ ಒಡೆದೂ ಹೋಗುತ್ತದೆ. ಜೊತೆಗೆ ಪಾಚಿ ಹಿಡಿದ ಮಾಡಿನ ಮೇಲೆ ನಿಂತು ಗನ್ ಒತ್ತಿದರೆ ಅದು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ನೀವು ಎಲ್ಲಿ?

ಇಂಟರ್‌ಲಾಕ್‌ಗೆ ಅಗಲ ಧಾರೆಯ ನಾಜಲ್ (ಗನ್ನಿನ ತುದಿಯ ಮೂತಿ) ಹಾಕಿ. ಬಣ್ಣದ ನಾಜಲ್ ಬಂದರೆ ಧಾರೆ ಹರಡುವ ಕೋನ ಸಾಮಾನ್ಯವಾಗಿ ಬಿಳಿಯದ್ದು 40 ಡಿಗ್ರಿ, ಹಸಿರಿನದ್ದು 25. ಕೆಂಪು ಅಂದರೆ 0, ಅದನ್ನು ಮುಟ್ಟಲೇಬೇಡಿ. ಒಂದಡಿ ದೂರದಿಂದ ಶುರು ಮಾಡಿ, ಓರೆಯಾಗಿ ಹಿಡಿಯಿರಿ. ಸಂದಿಗೆ ನೇರ ಹೊಡೆದರೆ ಮರಳೆಲ್ಲ ಎದ್ದು ಕಲ್ಲು ಅಲುಗಾಡುತ್ತದೆ. ಸ್ವಲ್ಪ ಮರಳು ಹೇಗೂ ಹೋಗುತ್ತದೆ, ಮತ್ತೆ ತುಂಬಿಸಬೇಕು.

ಪುತ್ತೂರು_ಮನೆ:
ಸರಿ, ಹಂಚು ಬಿಟ್ಟೆ. ಸಂದಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆಗುತ್ತಾ?

ಕರಾವಳಿ_ಕೂಲಿ:
ಆಗುತ್ತೆ. ಜರಡಿ ಹಿಡಿದು, ಅಂಗಳ ಪೂರ್ತಿ ಒಣಗಿದ ಮೇಲೆ ಹರಡಿ ಕಸಬರಿಕೆಯಲ್ಲಿ ಗುಡಿಸಿ. ಒದ್ದೆ ಇದ್ದರೆ ಸಂದಿಗೆ ಇಳಿಯಲ್ಲ.